ಕಿಣ್ವ ಇದೆ, ಆದರೆ ಎಲ್ಲಿದೆ?

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಲ್ಲಿ ಕಡಲೆಕಾಯಿ ಬೀಜಕ್ಕೆ ಕೊರತೆಯಿಲ್ಲ. ಮೊಳಕೆ ಬಂದ ನಾಲ್ಕಾರು ಬೀಜಗಳನ್ನು ಜಜ್ಜಿ, ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೊಜನ್ ಪೆರಾಕ್ಸೈಡ್‌ನ ಕೆಲವು ಹನಿ ಹಾಕಿ ನೋಡಿ. ನೊರೆ ಉಕ್ಕುತ್ತದೆ. ಕೆಟಲೇಸ್ ಎಂಬ ಕಿಣ್ವವು ಪೆರಾಕ್ಸೈಡನ್ನು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುವುದೇ ಇದಕ್ಕೆ ಕಾರಣ. ಚೆನ್ನಾಗಿ ಬೇಯಿಸಿದ ಬೀಜಕ್ಕೆ ಹಾಕಿದರೆ ನೊರೆ ಬಾರದು. ಕುದಿಯುವ ನೀರಿನಲ್ಲಿ ಕಿಣ್ವ ಕೆಟ್ಟಿರುತ್ತದೆ.

ಕಿಣ್ವ ಇದೆ ಎಂಬುದನ್ನು ಈ ಪ್ರಯೋಗ ತೋರಿಸಿತು. ಆದರೆ ಅದು ಜೀವಕೋಶದ ಯಾವ ಭಾಗದಲ್ಲಿದೆ? ಜಜ್ಜಿದಾಗಲೇ ಕೋಶದೊಳಗಿನ ಕೋಣೆಗಳೆಲ್ಲ ಒಡೆದು ಒಂದಾಗಿರುವುದರಿಂದ ನೊರೆ ಅದನ್ನು ಹೇಳಲಾರದು. ಈ 'ಎಲ್ಲಿ' ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಸ್ವಾರಸ್ಯಕರವಾಗಿದೆ.

ಹರಳು ಬೀಜದ ಒಗಟು

ಈ ತಾಲ್ಲೂಕುಗಳ ಹೊಲಗಳಲ್ಲಿ ಅಕ್ಕಡಿ ಸಾಲಾಗಿ ಬೆಳೆಯುವ ಹರಳು ಗಿಡ ಈ ಕಥೆಯಲ್ಲಿ ಮುಖ್ಯ ಪಾತ್ರ ವಹಿಸಿದೆ. ಹರಳು ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಮೊಳಕೆಯೊಡೆಯುವಾಗ ಬೀಜ ಈ ಎಣ್ಣೆಯನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಪ್ರಾಣಿಗಳ ದೇಹ ಕೊಬ್ಬಿನಾಮ್ಲಗಳಿಂದ ಹೀಗೆ ಸಕ್ಕರೆ ತಯಾರಿಸಲಾರದು. ಇದಕ್ಕೆ ಬೇಕಾದ ಗ್ಲೈಯಾಕ್ಸಿಲೇಟ್ ಚಕ್ರ ಹರಳು ಬೀಜದಲ್ಲಿ ಇರುವುದನ್ನು 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಬೀವರ್ಸ್ ತೋರಿಸಿದರು. 1967ರಲ್ಲಿ ಬ್ರೈಡನ್‌ಬಾಕ್ ಮತ್ತು ಬೀವರ್ಸ್ ಹರಳಿನ ಭ್ರೂಣಾಹಾರವನ್ನು ಅರೆದು, ಅದರಲ್ಲಿನ ಕಣಗಳನ್ನು ಸಾಂದ್ರತೆಗೆ ಅನುಸಾರವಾಗಿ ಬೇರ್ಪಡಿಸಿದಾಗ, ಈ ಚಕ್ರದ ಕಿಣ್ವಗಳು ಹೊಸದೊಂದು ಕಣದಂಗದಲ್ಲಿ ಕೂಡಿರುವುದು ಕಂಡುಬಂತು. ಅದಕ್ಕೆ ಗ್ಲೈಯಾಕ್ಸಿಸೋಮ್ ಎಂದು ಹೆಸರಾಯಿತು.

ಸೌತೆಯಂತಹ ಗಿಡಗಳಲ್ಲಿ ಎಣ್ಣೆ ಇರುವುದು ಬೀಜದಳಗಳಲ್ಲಿ. ಅವು ಮಣ್ಣಿನಿಂದ ಮೇಲೆ ಬಂದು, ಬಿಸಿಲು ಕಂಡು, ಹಸಿರಾಗಿ ಎಲೆಯ ಕೆಲಸ ಮಾಡತೊಡಗುತ್ತವೆ. ಆಗ ಗ್ಲೈಯಾಕ್ಸಿಸೋಮ್‌ನ ಕಿಣ್ವಗಳು ಕಡಿಮೆಯಾಗಿ, ಹಸಿರೆಲೆಯ ಪೆರಾಕ್ಸಿಸೋಮ್‌ನ ಕಿಣ್ವಗಳು ಹೆಚ್ಚುತ್ತವೆ. ಹಳೆಯ ಕಣದಂಗ ಅಳಿದು ಹೊಸದು ಹುಟ್ಟುತ್ತದೆಯೆ? ಅಥವಾ ಒಂದೇ ಕಣದಂಗ ತನ್ನ ಕಸುಬು ಬದಲಿಸುತ್ತದೆಯೆ? ಅರೆದು ಬೇರ್ಪಡಿಸುವ ವಿಧಾನಕ್ಕೆ ಈ ಪ್ರಶ್ನೆ ಬಗ್ಗಲಿಲ್ಲ. ಕೋಶವನ್ನು ಒಡೆಯದೆ ನೋಡಬೇಕಿತ್ತು.

ಸೀಸದ ಗುರುತು

ನಾಲ್ ಮತ್ತು ರುಸ್ಕಾ 1931ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಬಣ್ಣ ತಿಳಿಯದು. ಭಾರ ಧಾತುಗಳಿರುವ ಕಡೆ ಎಲೆಕ್ಟ್ರಾನುಗಳು ಚದುರಿ ಚಿತ್ರ ಕಪ್ಪಾಗುತ್ತದೆ. ಹಾಗಾದರೆ ಕಿಣ್ವವಿರುವ ಕಡೆಗೇ ಒಂದು ಭಾರ ಧಾತುವನ್ನು ಕೂಡಿಸಬೇಕು.

ದಾರಿ ಮೊದಲೇ ಸಿದ್ಧವಿತ್ತು. ಗೊಮೊರಿ 1941ರಲ್ಲಿ ಆಮ್ಲ ಫಾಸ್ಫಟೇಸ್ ಕಿಣ್ವಕ್ಕಾಗಿ ಸೀಸದ ಲವಣ ಬಳಸಿದ್ದರು. ಕಿಣ್ವವು ಬಿಡುಗಡೆ ಮಾಡುವ ಫಾಸ್ಫೇಟ್ ಆ ಜಾಗದಲ್ಲೇ ಸೀಸದೊಂದಿಗೆ ಸೇರಿ ಅವಕ್ಷೇಪವಾಗುತ್ತದೆ. ಇದೇ ತತ್ವದಿಂದ ಎಸ್ನರ್ ಮತ್ತು ನೊವಿಕಾಫ್ 1961ರಲ್ಲಿ ಯಕೃತ್ತಿನ ಲೈಸೋಸೋಮ್‌ಗಳಲ್ಲಿ ಈ ಕಿಣ್ವವನ್ನು ಗುರುತಿಸಿದರು. ಆದರೆ ಕಿಣ್ವ ಕೆಡದೆಯೂ ಇರಬೇಕು, ಕೋಶದ ರಚನೆ ಕದಡದೆಯೂ ಇರಬೇಕು. 1963ರಲ್ಲಿ ಸಬಟೀನಿ, ಬೆನ್ಶ್ ಮತ್ತು ಬ್ಯಾರ್ನೆಟ್ ಬಳಕೆಗೆ ತಂದ ಗ್ಲುಟರಾಲ್ಡಿಹೈಡ್ ಈ ತೊಡಕನ್ನು ಬಹುಮಟ್ಟಿಗೆ ಕಳೆಯಿತು.

ಇನ್ನೊಂದು ತೊಡಕು ಉಳಿದಿತ್ತು. ಕಿಣ್ವವೇ ಇಲ್ಲದಿದ್ದರೂ ಸೀಸ ತಾನಾಗಿಯೇ ಎಟಿಪಿಯನ್ನು ಒಡೆಯಬಲ್ಲದು ಎಂದು 1966ರಲ್ಲಿ ರೋಸೆಂತಾಲ್, ಮೋಸೆಸ್ ಮತ್ತು ಸಂಗಡಿಗರು ತೋರಿಸಿದರು. ಚಿತ್ರದಲ್ಲಿನ ಕಪ್ಪು ಚುಕ್ಕೆ ಕಿಣ್ವದ್ದೋ, ನಾವೇ ಸುರಿದ ಸೀಸದ್ದೋ? ಇದನ್ನು ತಿಳಿಯಲು ಕಿಣ್ವದ ಕೆಲಸ ತಡೆದು ಅದೇ ಪ್ರಯೋಗವನ್ನು ಮತ್ತೆ ಮಾಡಬೇಕು. ಆಗಲೂ ಚುಕ್ಕೆ ಕಂಡರೆ ಅದು ಸುಳ್ಳು ಚುಕ್ಕೆ. ಆಮ್ಲ ಫಾಸ್ಫಟೇಸನ್ನು ತಡೆಯಲು ಬಳಸುವುದು ಸೋಡಿಯಂ ಫ್ಲೋರೈಡ್. ಪಾವಗಡದ ಮಕ್ಕಳಿಗೆ ಹಲ್ಲಿನ ಕಲೆಯಿಂದ ಪರಿಚಿತವಾದ ಫ್ಲೋರೈಡ್, ಕುಡಿಯುವ ನೀರಿನ ಮಿತಿಗಿಂತ ನೂರು ಪಟ್ಟು ಮೀರಿದ ಪ್ರಮಾಣದಲ್ಲಿ, ಇಲ್ಲಿ ಚುಕ್ಕೆಯ ಸತ್ಯ ಪರೀಕ್ಷಿಸುತ್ತದೆ!

ಕಂದಿನಿಂದ ಕಪ್ಪಿಗೆ

1966ರಲ್ಲಿ ಗ್ರಹಾಂ ಮತ್ತು ಕಾರ್ನೊವ್‌ಸ್ಕಿ ಡೈಅಮಿನೋಬೆಂಜಿಡಿನ್ ಎಂಬ ಸಂಯುಕ್ತವನ್ನು ಬಳಸಿದರು. ಪೆರಾಕ್ಸೈಡ್ ಇದ್ದಾಗ ಪೆರಾಕ್ಸಿಡೇಸ್ ಕಿಣ್ವ ಇದನ್ನು ಕರಗದ ಕಂದು ವಸ್ತುವಾಗಿಸುತ್ತದೆ. ಆಸ್ಮಿಯಂ ಅದಕ್ಕೆ ಅಂಟಿ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಕೆಟಲೇಸ್‌ಗೂ ಈ ವಿಧಾನ ಒಗ್ಗಿತು. 1969ರಲ್ಲಿ ಫ್ರೆಡರಿಕ್ ಮತ್ತು ನ್ಯೂಕೂಂ ತಂಬಾಕಿನ ಎಲೆಯ ಪೆರಾಕ್ಸಿಸೋಮ್‌ಗಳಲ್ಲಿ ಕೆಟಲೇಸ್ ಇರುವುದನ್ನು ಹೀಗೆ ತೋರಿಸಿದರು. ಕೆಟಲೇಸನ್ನು ತಡೆಯುವ ಅಮಿನೋಟ್ರಯಜೋಲ್ ಸೇರಿಸಿ ತಾಳೆಯನ್ನೂ ನೋಡಿದರು. ನಮ್ಮ ನೊರೆಯ ಪ್ರಯೋಗದಲ್ಲಿ ಕಂಡ ಕಿಣ್ವದ ಮನೆ ಚಿತ್ರದಲ್ಲಿ ಮೂಡಿತ್ತು.

ಚಿನ್ನದ ಚುಕ್ಕೆ

ಆದರೆ ಕೆಟಲೇಸ್ ಗ್ಲೈಯಾಕ್ಸಿಸೋಮ್‌ನಲ್ಲೂ ಇದೆ, ಪೆರಾಕ್ಸಿಸೋಮ್‌ನಲ್ಲೂ ಇದೆ. ಸೌತೆಯ ಒಗಟು ಬಿಡಿಸಲು ಎರಡಕ್ಕೂ ಪ್ರತ್ಯೇಕವಾದ ಕಿಣ್ವಗಳನ್ನು ಒಟ್ಟಿಗೆ ಗುರುತಿಸಬೇಕಿತ್ತು. ಫಾಕ್ ಮತ್ತು ಟೇಲರ್ 1971ರಲ್ಲಿ ಪ್ರತಿಕಾಯಕ್ಕೆ ಚಿನ್ನದ ಸೂಕ್ಷ್ಮ ಕಣ ಅಂಟಿಸುವ ವಿಧಾನ ಪ್ರಕಟಿಸಿದ್ದರು. ನಿರ್ದಿಷ್ಟ ಪ್ರೋಟೀನನ್ನು ಪ್ರತಿಕಾಯ ಹುಡುಕಿ ಹಿಡಿಯುತ್ತದೆ. ಕೆಲವೇ ನ್ಯಾನೋಮೀಟರ್ ಗಾತ್ರದ ದುಂಡನೆಯ ಚಿನ್ನದ ಚುಕ್ಕೆ ಆ ಸ್ಥಳ ತೋರಿಸುತ್ತದೆ. ಎರಡು ಗಾತ್ರದ ಕಣ ಬಳಸಿದರೆ ಎರಡು ಪ್ರೋಟೀನುಗಳನ್ನು ಒಂದೇ ಚಿತ್ರದಲ್ಲಿ ನೋಡಬಹುದು.

1985ರಲ್ಲಿ ಟೈಟಸ್ ಮತ್ತು ಬೆಕರ್ ನಾಲ್ಕನೆಯ ದಿನದ ಸೌತೆ ಬೀಜದಳಗಳಲ್ಲಿ ಹೀಗೆಯೇ ಮಾಡಿದರು. ಎಣ್ಣೆಯ ಕಾಲದ ಐಸೊಸಿಟ್ರೇಟ್ ಲಯೇಸ್, ಹಸಿರೆಲೆಯ ಕಾಲದ ಸೀರಿನ್-ಗ್ಲೈಯಾಕ್ಸಿಲೇಟ್ ಅಮಿನೋಟ್ರಾನ್ಸ್‌ಫರೇಸ್ ಎರಡೂ ಒಂದೇ ಕಣದಂಗದೊಳಗೆ ಕಂಡವು. ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟಿರಲಿಲ್ಲ. ಅದೇ ಮನೆಯಲ್ಲಿ ಕಸುಬು ಬದಲಾಗಿತ್ತು.

ಹಳೆಯ ವಿಧಾನಗಳೂ ಮೂಲೆ ಸೇರಿಲ್ಲ. 2012ರಲ್ಲಿ ಬಟಾಣಿಯ ಒಂದು ಪೆರಾಕ್ಸಿಡೇಸನ್ನು ಮಾರ್ಪಡಿಸಿ, ಬೇಕಾದ ಪ್ರೋಟೀನಿಗೆ ಜೋಡಿಸಿ ಅದರ ಸ್ಥಳ ತಿಳಿಯುವ ತಂತ್ರ ಬಂದಿತು. ಅಲ್ಲಿಯೂ ಬಳಸುವುದು ಅದೇ ಡೈಅಮಿನೋಬೆಂಜಿಡಿನ್.

ಇಂತಹ ಸೂಕ್ಷ್ಮದರ್ಶಕ ಶಾಲೆಯ ಕೈಗೆಟುಕದು. ಆದರೆ ಆ ಚಿತ್ರಗಳನ್ನು ನಂಬುವಂತೆ ಮಾಡಿದ ಶಿಸ್ತಿಗೆ ಎರಡು ಪ್ರನಾಳ ಸಾಕು: ಒಂದರಲ್ಲಿ ಮೊಳಕೆಯ ಬೀಜ, ಇನ್ನೊಂದರಲ್ಲಿ ಬೇಯಿಸಿದ ಬೀಜ. ಎರಡನೆಯದರಲ್ಲಿ ನೊರೆ ಬಾರದಿದ್ದಾಗಲೇ ಮೊದಲನೆಯದರ ನೊರೆಗೆ ಅರ್ಥ ಬರುವುದು.