‘ಕಟ್ಟು’ ಎಂಬ ಕ್ರಿಯಾಪದ

ಇಂಗ್ಲಿಷರ ‘ಬಿಲ್ಡ್’ ಎಂಬ ಕ್ರಿಯಾಪದದ ಮೂಲವನ್ನು ಅರಸುತ್ತ ಹೋದರೆ ಅವರ ಪ್ರಾಚೀನ ಭಾಷೆಯಲ್ಲಿ ಮನೆಯ ಹೆಸರೊಂದು ದೊರೆಯುವದು. ನಮ್ಮ ‘ಕಟ್ಟು’ವಿನ ಮೂಲದಲ್ಲಿರುವದು ಮನೆಯಲ್ಲ, ಹಗ್ಗ. ತಮಿಳು ತೆಲುಗುಗಳಲ್ಲಿಯೂ ಈ ಧಾತುವಿಗೆ ಬಿಗಿಯುವದೆಂಬ ಅರ್ಥವೂ ಉಂಟು, ಮನೆ ಮಾಡುವದೆಂಬ ಅರ್ಥವೂ ಉಂಟು. ಬಿದಿರು ಹುಲ್ಲುಗಳನ್ನು ಬಿಗಿದು ಗುಡಿಸಲು ಹಾಕಿದವರು ಮುಂದೆ ಕಲ್ಲಿನ ಮನೆಗೂ ಅದೇ ಮಾತನ್ನು ಉಳಿಸಿಕೊಂಡರೆಂಬುದು ನನ್ನ ಎಣಿಕೆ. ಆದರೂ ಅರ್ಥಗಳು ಕವಲೊಡೆದಿರುವವು: ಕಟ್ಟಿದ ಗಂಟನ್ನು ಬಿಚ್ಚುವೆವು, ಕಟ್ಟಿದ ಮನೆಯನ್ನು ಕೆಡಹುವೆವು.

ಈ ಕವಲುಗಳೆರಡೂ ಕೂಡಿರುವದನ್ನು ಕಾಣಬೇಕಾದರೆ ರಾಯಚೂರ ಕೋಟೆಗೆ ಹೋಗಬೇಕು. ಕಾಕತೀಯರ ಕಾಲದಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠಲನಾಥನು 1294ರಲ್ಲಿ ಇದನ್ನು ಕಟ್ಟಿಸಿದನೆಂದು ಅಲ್ಲಿಯ ತೆಲುಗು ಶಾಸನವು ಹೇಳುವದು. ಶಾಸನವಿರುವ ಶಿಲೆಯ ಉದ್ದ ಸುಮಾರು 41 ಅಡಿ! ಅಂಥ ಶಿಲೆಯನ್ನು ತಂದ ಬಗೆಯನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಸಾಲುಸಾಲು ಕೋಣಗಳು ಬಂಡಿಯನ್ನು ಎಳೆಯುತ್ತಿವೆ. ಆಳುಗಳು ಗಾಲಿಗೆ ಸನಿಕೆಯೊಡ್ಡಿ ನೂಕುತ್ತಿದ್ದಾರೆ. ಬಂಡಿ ಕಟ್ಟಿದ ಮೇಲೆಯೇ ಕೋಟೆ ಕಟ್ಟಿದ್ದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ನಿಲ್ಲಿಸಿದ ಒಳಗೋಡೆಯನ್ನು ನೋಡಿದವರಿಗೆ ಬಿಗಿಯುವದು ಬೇರೆ, ಕಟ್ಟುವದು ಬೇರೆ ಎನಿಸದು.

ಅರಸನಿಗೆ ಪಟ್ಟ ಕಟ್ಟುವದೂ ಮೊದಲು ಹಣೆಗೆ ಚಿನ್ನದ ಪಟ್ಟಿಯನ್ನು ಬಿಗಿಯುವದೇ. ಕಂದಾಯ ಕಟ್ಟುವ ರೈತನಂತೂ ತನ್ನ ಗಂಟನ್ನು ಬಿಚ್ಚಿಯೇ ಕಟ್ಟಬೇಕು!

ಪದ ಕಟ್ಟುವದೆಂಬ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವದು. ಮಾನವಿ ತಾಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಅವರ ಶಿಷ್ಯರಾದ ಮಾನವಿಯ ಜಗನ್ನಾಥದಾಸರು ಗೆಜ್ಜೆ ಕಟ್ಟಿ ಪದ ಕಟ್ಟಿದ ಪರಂಪರೆಯವರು. ಇವರು ಕೃತಿಗಳನ್ನು ‘ರಚಿಸಿದರು’ ಎಂದೇ ಪಂಡಿತರು ಬರೆಯುತ್ತಾರೆ. ‘ಕಟ್ಟಿದರು’ ಎಂದರೆ ಹಗುರಾದೀತೆಂಬ ಅಂಜಿಕೆಯಿರಬೇಕು. ಅವರು ಗೌರವಿಸುವ ‘ಪ್ರಬಂಧ’ದೊಳಗೆ ಬಂಧವಿದೆ, ‘ಗ್ರಂಥ’ದೊಳಗೆ ಗಂಟಿದೆ, ಸಂಸ್ಕೃತವು ನಾಚದ ಮಾತಿಗೆ ನಾವೇಕೆ ನಾಚಬೇಕು?

ಜಗನ್ನಾಥದಾಸರ ಹರಿಕಥಾಮೃತಸಾರವನ್ನೇ ನೋಡಿರಿ. ಅದು ಭಾಮಿನೀ ಷಟ್ಪದಿಯಲ್ಲಿದೆ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 14 ಮಾತ್ರೆ. ಮೂರು, ಆರನೆಯವಕ್ಕೆ 23. ಆರೂ ಪಾದಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬಂದು ಅವನ್ನು ಒಂದೇ ದಾರಕ್ಕೆ ಬಿಗಿಯುವದು. ಇಲ್ಲಿಯೂ ಗಾರೆಯಿಲ್ಲ.