ಸರಾಸರಿಯ ಮಹಿಮೆ

ವಾರ್ತಾಪ್ರಸಾರದ ಕೊನೆಯ ಭಾಗದಲ್ಲಿ ಒಂದು ವಾಕ್ಯ ನಿಮ್ಮ ಕಿವಿಗೆ ಆಗಾಗ ಬಿದ್ದಿರಬೇಕು. ಮುಂಬಯಿ ಷೇರುಪೇಟೆಯ ಸೂಚ್ಯಂಕ ಇಂದು ಇಷ್ಟು ಅಂಶ ಏರಿತು, ಇಲ್ಲವೆ ಇಷ್ಟು ಅಂಶ ಇಳಿಯಿತು ಎಂಬ ವಾಕ್ಯ ಅದು. ಅದು ಬಂದಾಗ ನಮ್ಮಲ್ಲಿ ಬಹುಮಂದಿ ಕಾಫಿಯ ಲೋಟ ಎತ್ತಿಡಲು ಏಳುತ್ತೇವೆ. ಅದು ಹಣವಂತರ ಸಮಾಚಾರ, ನಮಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ನಮ್ಮದು. ಆದರೆ ವಾಚಕರೇ, ನಿಮ್ಮ ಮನೆಯಲ್ಲಿ ಯಾರಾದರೂ ಕಾರ್ಮಿಕರ ಭವಿಷ್ಯನಿಧಿಗೆ ತಿಂಗಳು ತಿಂಗಳೂ ಹಣ ಕಟ್ಟುತ್ತಿದ್ದರೆ, ಆ ಅಂಕಿಯ ಏರಿಳಿತದಲ್ಲಿ ನಿಮ್ಮದೂ ಒಂದು ಪಾಲುಂಟು. ಅದು ಹೇಗೆ ಉಂಟಾಯಿತೆಂಬುದು ಒಂದು ಸೊಗಸಾದ ಚರಿತ್ರೆ. ರಾಜರ ಕಾಳಗಗಳ ಚರಿತ್ರೆಯಷ್ಟೇ ಸ್ವಾರಸ್ಯ ಅದಕ್ಕೂ ಇದೆ.

ಮೊದಲು ಸೂಚ್ಯಂಕವೆಂದರೇನು ಎಂಬುದನ್ನು ನೋಡೋಣ. ೧೮೯೬ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಿಕೋದ್ಯಮಿ ಚಾರ್ಲ್ಸ್ ಡೌ ಎಂಬಾತನು ಹನ್ನೆರಡು ಕಂಪನಿಗಳ ಷೇರು ಬೆಲೆಗಳನ್ನು ಕೂಡಿಸಿ, ಹನ್ನೆರಡರಿಂದ ಭಾಗಿಸಿ, ಬಂದ ಸರಾಸರಿಯನ್ನು ಪ್ರಕಟಿಸಿದನು. ಪೇಟೆಯ ಒಟ್ಟು ನಡೆ ಹೇಗಿದೆ ಎಂಬುದನ್ನು ಒಂದೇ ಅಂಕಿಯಲ್ಲಿ ತಿಳಿಸುವ ಉಪಾಯವದು. ವೈದ್ಯನು ನಾಡಿ ನೋಡುವಂತೆ ಎನ್ನಬಹುದು. ೧೯೫೭ರಲ್ಲಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಎಂಬ ಸಂಸ್ಥೆ ಐನೂರು ಕಂಪನಿಗಳ ಸೂಚ್ಯಂಕವನ್ನು ಹೊರತಂದಿತು. ನಮ್ಮ ಮುಂಬಯಿಯ ಸೆನ್ಸೆಕ್ಸ್ ಬಂದದ್ದು ೧೯೮೬ರ ಜನವರಿಯಲ್ಲಿ. ಅದರಲ್ಲಿ ಮೂವತ್ತು ಕಂಪನಿಗಳು. ೧೯೯೬ರಲ್ಲಿ ಬಂದ ನಿಫ್ಟಿಯಲ್ಲಿ ಐವತ್ತು. ಬಹುಕಾಲ ಇವೆಲ್ಲ ಬರಿಯ ಅಳತೆಗೋಲುಗಳಾಗಿದ್ದವು. ಅಳತೆಗೋಲನ್ನೇ ಅಂಗಡಿಯಲ್ಲಿ ಮಾರಬಹುದೆಂದು ಯಾರಿಗೂ ತೋಚಿರಲಿಲ್ಲ.

ಜನರ ಸಣ್ಣ ಸಣ್ಣ ಉಳಿತಾಯವನ್ನು ಒಟ್ಟುಗೂಡಿಸಿ, ಅನೇಕ ಪತ್ರಗಳಲ್ಲಿ ಹಂಚಿಹಾಕುವ ಪದ್ಧತಿ ಮಾತ್ರ ಹಳೆಯದು. ೧೭೭೪ರಲ್ಲಿಯೇ ಆಮ್‌ಸ್ಟರ್‌ಡ್ಯಾಮಿನ ವರ್ತಕನೊಬ್ಬನು ಅಂಥ ಒಂದು ಕೂಟವನ್ನು ಸ್ಥಾಪಿಸಿದ್ದನು. ಒಗ್ಗಟ್ಟೇ ಬಲ ಎಂಬ ಅರ್ಥದ ಡಚ್ ಮಾತು ಅದರ ಹೆಸರು. ೧೯೨೪ರಲ್ಲಿ ಬಾಸ್ಟನ್ ನಗರದಲ್ಲಿ ಇಂದಿನ ಮ್ಯೂಚುಯಲ್ ಫಂಡಿನ ಮೂಲರೂಪ ಹುಟ್ಟಿತು. ಈ ನಿಧಿಗಳಲ್ಲೆಲ್ಲ ಒಬ್ಬ ನಿಪುಣನಿರುತ್ತಾನೆ. ಯಾವ ಷೇರು ಏರುವುದು, ಯಾವುದು ಇಳಿಯುವುದು ಎಂದು ಆತ ಊಹಿಸಿ ಕೊಳ್ಳುತ್ತಾನೆ, ಮಾರುತ್ತಾನೆ. ಆ ನಿಪುಣತೆಗೆ ಸಂಬಳ ಬೇಕು. ನಿಧಿಯನ್ನು ಊರೂರಿಗೆ ಮಾರುವ ದಲ್ಲಾಳಿಗೆ ಕಮಿಷನ್ ಬೇಕು. ಅಮೆರಿಕದಲ್ಲಿ ಒಂದು ಕಾಲಕ್ಕೆ ನೂರು ಡಾಲರು ತಂದವನಿಂದ ಎಂಟೂವರೆ ಡಾಲರನ್ನು ಬಾಗಿಲಲ್ಲಿಯೇ ಹಿಡಿದುಕೊಳ್ಳುವ ವಾಡಿಕೆಯಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆ ನಿಪುಣರ ಊಹೆಯಾದರೂ ನಿಜವಾಗುತ್ತಿತ್ತೆ? ಈ ಪ್ರಶ್ನೆಯನ್ನು ನೇರವಾಗಿ ಕೇಳಿದವನು ಆಲ್ಫ್ರೆಡ್ ಕೌಲ್ಸ್. ಕ್ಷಯರೋಗದ ಚಿಕಿತ್ಸೆಗೆಂದು ಕೊಲೊರಾಡೊ ಪ್ರಾಂತಕ್ಕೆ ಹೋಗಿ ನೆಲಸಿದ್ದ ಈ ಶ್ರೀಮಂತನು ಹಲವು ಷೇರುಭವಿಷ್ಯದ ಪತ್ರಿಕೆಗಳಿಗೆ ಚಂದಾದಾರನಾಗಿದ್ದನು. ೧೯೨೯ರ ಮಹಾಪತನವನ್ನು ಅವು ಮುನ್ನುಡಿಯದೆ ಹೋದದ್ದು ಅವನ ಮನಸ್ಸಿಗೆ ಚುಚ್ಚಿತು. ಹಲವು ವರ್ಷಗಳ ಸಲಹೆಗಳನ್ನು ಒಂದೊಂದಾಗಿ ಲೆಕ್ಕಹಾಕಿ, ಸಲಹಾ ಸಂಸ್ಥೆಗಳ ಮಾತು ಕೇಳಿದವರು ಒಟ್ಟಿನಲ್ಲಿ ಸಾಧಾರಣ ಷೇರಿನ ಸರಾಸರಿಗಿಂತ ಕಡಿಮೆಯನ್ನೇ ಪಡೆದರೆಂದು ತೋರಿಸಿದನು. ೧೯೩೩ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಷೇರುಪೇಟೆಯ ಭವಿಷ್ಯ ಹೇಳುವವರು ಭವಿಷ್ಯ ಹೇಳಬಲ್ಲರೆ ಎಂಬುದು ಅದರ ಶಿರೋನಾಮೆಯ ತಾತ್ಪರ್ಯ; ಸಂದೇಹವೇ ಎಂಬುದು ಅದರ ಉತ್ತರ.

ಹೀಗಾಗಲು ಕಾರಣವೇನು? ನಿಪುಣರು ದಡ್ಡರೆಂದಲ್ಲ. ತರಗತಿಯ ದೃಷ್ಟಾಂತದಿಂದ ನೋಡಿ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಅವರಲ್ಲಿ ಕೆಲವರು ಸರಾಸರಿಯನ್ನು ಮೀರಬಹುದು. ಇಡೀ ತರಗತಿಯೇ ತನ್ನ ಸರಾಸರಿಯನ್ನು ಮೀರುವುದು ಸಾಧ್ಯವೆ? ಪೇಟೆಯ ಷೇರುಗಳೆಲ್ಲ ಯಾರೋ ಒಬ್ಬರ ಕೈಯಲ್ಲಿ ಇದ್ದೇ ಇರುತ್ತವೆ. ಒಬ್ಬನಿಗೆ ಸರಾಸರಿಗಿಂತ ಹೆಚ್ಚು ಬಂದರೆ ಇನ್ನೊಬ್ಬನಿಗೆ ಅಷ್ಟೇ ಕಡಿಮೆ ಬರಬೇಕು. ಎಲ್ಲರ ಗಳಿಕೆಯನ್ನೂ ಕೂಡಿಸಿದರೆ ಬರುವುದು ಪೇಟೆಯ ಗಳಿಕೆಯೇ. ಅದರಿಂದ ಸಂಬಳ, ದಲ್ಲಾಳಿ, ಜಾಹೀರಾತು ಎಲ್ಲವನ್ನೂ ಕಳೆದರೆ, ಹೂಡಿದವರ ಪಾಲಿಗೆ ಉಳಿಯುವುದು ಪೇಟೆಗಿಂತ ಕಡಿಮೆ. ಈ ಸರಳ ಲೆಕ್ಕವನ್ನು ವಿಲಿಯಂ ಷಾರ್ಪ್ ಎಂಬ ಅರ್ಥಶಾಸ್ತ್ರಜ್ಞರು ೧೯೯೧ರಲ್ಲಿ ಒಂದು ಪುಟ್ಟ ಲೇಖನದಲ್ಲಿ ವಿಶದಪಡಿಸಿದರು. ಆದ್ದರಿಂದ, ಊಹೆಯ ಗೊಡವೆಗೇ ಹೋಗದೆ ಇಡೀ ಪೇಟೆಯನ್ನು ಸೂಚ್ಯಂಕದಲ್ಲಿರುವ ಪ್ರಮಾಣದಲ್ಲಿಯೇ ಕೊಂಡು ಸುಮ್ಮನೆ ಕುಳಿತವನು, ಖರ್ಚು ಕಡಿಮೆಯಾದ ಕಾರಣದಿಂದಲೇ, ಬಹುಮಂದಿ ನಿಪುಣರಿಗಿಂತ ಮುಂದೆ ಇರುತ್ತಾನೆ. ಇದೇ ಸೂಚ್ಯಂಕ ನಿಧಿಯ ಮೂಲಮಂತ್ರ.

ಮಂತ್ರ ತಿಳಿದರಾಯಿತೆ? ಅದನ್ನು ಪ್ರಯೋಗಿಸುವವರು ಬೇಕು. ೧೯೭೧ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ವೆಲ್ಸ್ ಫಾರ್ಗೊ ಬ್ಯಾಂಕು, ಸ್ಯಾಮ್ಸನೈಟ್ ಎಂಬ ಪ್ರಯಾಣದ ಪೆಟ್ಟಿಗೆಗಳ ಕಂಪನಿಯ ನಿವೃತ್ತಿ ನಿಧಿಯಿಂದ ಅರುವತ್ತು ಲಕ್ಷ ಡಾಲರುಗಳನ್ನು ಪಡೆದು ಮೊದಲ ಪ್ರಯೋಗ ನಡೆಸಿತು. ಆದರೆ ಅದು ಕಂಪನಿಗಳ ದೊಡ್ಡ ಹಣಕ್ಕೆ ಮಾತ್ರ ತೆರೆದ ಬಾಗಿಲು. ಸಾಮಾನ್ಯ ಗೃಹಸ್ಥನಿಗೆ ಆ ಬಾಗಿಲನ್ನು ತೆರೆದವರು ಜಾನ್ ಬೋಗಲ್.

ಬೋಗಲ್ ಹುಟ್ಟಿದ್ದು ೧೯೨೯ರಲ್ಲಿ. ಅದೇ ವರ್ಷದ ಪತನದಲ್ಲಿ ಅವರ ಮನೆತನದ ಆಸ್ತಿ ಕರಗಿಹೋಯಿತು. ವಿದ್ಯಾರ್ಥಿವೇತನದಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ೧೯೫೧ರಲ್ಲಿ ಮ್ಯೂಚುಯಲ್ ಫಂಡುಗಳ ಮೇಲೆಯೇ ಪ್ರೌಢಪ್ರಬಂಧ ಬರೆದರು. ವೆಲಿಂಗ್ಟನ್ ಎಂಬ ಹಳೆಯ ಸಂಸ್ಥೆಯನ್ನು ಸೇರಿ ಅದರ ಮುಖ್ಯಸ್ಥರೂ ಆದರು. ೧೯೬೬ರಲ್ಲಿ, ಬೇಗ ಬೇಗ ಹಣ ಬೆಳೆಸುತ್ತೇವೆಂದು ಹೆಸರಾಗಿದ್ದ ತರುಣರ ಒಂದು ಸಂಸ್ಥೆಯನ್ನು ತಮ್ಮದರೊಡನೆ ಸೇರಿಸಿಕೊಂಡರು. ಪೇಟೆ ಕುಸಿದಾಗ ಆ ಪಾಲುದಾರರೇ ೧೯೭೪ರ ಜನವರಿಯಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಗ ಅವರ ವಯಸ್ಸು ನಲವತ್ತನಾಲ್ಕು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವುಂಟು. ನಿಧಿಗಳನ್ನು ನಡೆಸುವ ಕಂಪನಿ ಬೇರೆ. ನಿಧಿಗಳ ಆಡಳಿತ ಮಂಡಲಿ ಬೇರೆ. ಕಂಪನಿ ಕೈಬಿಟ್ಟರೂ ಮಂಡಲಿಯ ಅಧ್ಯಕ್ಷಪೀಠ ಬೋಗಲರಿಗೆ ಉಳಿದಿತ್ತು. ಅವರು ಮಂಡಲಿಗೆ ಒಂದು ಅಪೂರ್ವ ಸಲಹೆ ಮಾಡಿದರು. ನಡೆಸುವ ಕಂಪನಿಗೆ ನಿಧಿಗಳೇ ಒಡೆಯರಾಗಲಿ. ನಿಧಿಗಳ ಒಡೆಯರು ಹಣ ಹೂಡಿದ ಜನರು ತಾನೆ? ಹಾಗಾದರೆ ಮಧ್ಯೆ ಲಾಭ ಬೇಡುವ ಮೂರನೆಯವನೇ ಇರುವುದಿಲ್ಲ. ೧೯೭೪ರ ಸೆಪ್ಟೆಂಬರಿನಲ್ಲಿ ವ್ಯಾನ್‌ಗಾರ್ಡ್ ಕಂಪನಿ ಹುಟ್ಟಿದ್ದು ಹೀಗೆ. ೧೭೯೮ರ ನೈಲ್ ಕದನದಲ್ಲಿ ನೆಲ್ಸನ್ನನ ಧ್ವಜನೌಕೆಗಿದ್ದ ಹೆಸರನ್ನೇ ಅದಕ್ಕಿಟ್ಟರು. ಆದರೆ ಒಂದು ಕಟ್ಟಳೆ ಬಿತ್ತು. ಹೊಸ ಕಂಪನಿ ಲೆಕ್ಕಪತ್ರ ನೋಡಿಕೊಳ್ಳಬಹುದು. ಷೇರುಗಳನ್ನು ಆಯ್ದು ಹಣ ಹೂಡುವ ಕೆಲಸ ಮಾಡಕೂಡದು. ಬೋಗಲ್ ಯೋಚಿಸಿದರು. ಆಯ್ಕೆಯೇ ಇಲ್ಲದ ನಿಧಿಯನ್ನು ನಡೆಸಿದರೆ ಕಟ್ಟಳೆ ಮುರಿದಂತೆ ಹೇಗಾದೀತು? ಅದೇ ಸುಮಾರಿಗೆ ನೊಬೆಲ್ ಪಾರಿತೋಷಕ ಪಡೆದ ಪಾಲ್ ಸ್ಯಾಮ್ಯುಯಲ್‌ಸನ್ನರು, ಯಾರಾದರೂ ಇಂಥದೊಂದು ನಿಧಿಯನ್ನು ಸ್ಥಾಪಿಸಬಾರದೆ ಎಂಬ ಅರ್ಥದಲ್ಲಿ ಬರೆದಿದ್ದರು. ಅದು ಬೋಗಲರಿಗೆ ಬಲ ಕೊಟ್ಟಿತು.

೧೯೭೬ರ ಆಗಸ್ಟ್ ೩೧ರಂದು ಆ ನಿಧಿಗೆ ಕೂಡಿದ ಹಣದ ಲೆಕ್ಕ ಬಂತು. ಹದಿನೈದು ಕೋಟಿ ಡಾಲರು ನಿರೀಕ್ಷಿಸಿದ್ದರು. ಬಂದದ್ದು ಒಂದು ಕೋಟಿ ಹದಿಮೂರು ಲಕ್ಷ. ಐನೂರು ಕಂಪನಿಗಳ ಷೇರುಗಳನ್ನೂ ಕೊಳ್ಳಲು ಅದು ಸಾಲದು. ಹಣ ಕೂಡಿಸಲು ಒಪ್ಪಿದ್ದ ಸಂಸ್ಥೆಗಳವರು ನಿಧಿಯನ್ನು ಕೈಬಿಡುವುದೇ ಲೇಸೆಂದರು. ಬೋಗಲ್ ಒಪ್ಪಲಿಲ್ಲ. ಪೇಟೆಯವರು ಅದಕ್ಕೆ ಬೋಗಲರ ಹುಚ್ಚು ಎಂದು ಹೆಸರಿಟ್ಟರು. ಬರಿಯ ಸರಾಸರಿಗೆ ತೃಪ್ತಿಪಡುವವನು ಯಾರೆಂದು ನಕ್ಕರು. ಮರುವರ್ಷ ಬೋಗಲ್ ದಲ್ಲಾಳಿಗಳ ಕಮಿಷನ್ನನ್ನೇ ತೆಗೆದುಹಾಕಿ ಜನರಿಗೆ ನೇರವಾಗಿ ಮಾರತೊಡಗಿದರು. ನಿಧಿ ಮೆಲ್ಲಮೆಲ್ಲನೆ ಬೆಳೆಯಿತು. ೨೦೦೦ದಲ್ಲಿ ಅದು ಫಿಡೆಲಿಟಿ ಸಂಸ್ಥೆಯ ಪ್ರಖ್ಯಾತವಾದ ಮೆಗೆಲನ್ ನಿಧಿಯನ್ನು ಹಿಂದೆ ಹಾಕಿ ಅತ್ಯಂತ ದೊಡ್ಡ ಮ್ಯೂಚುಯಲ್ ಫಂಡಾಯಿತು.

ಈ ನಡುವೆ ಇನ್ನೊಬ್ಬ ವೃದ್ಧರು ರಂಗಕ್ಕೆ ಬಂದರು. ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಕೆಲಸಮಾಡುತ್ತಿದ್ದ ನೇಥನ್ ಮೋಸ್ಟ್ ಅವರು ಹಿಂದೆ ಸರಕಿನ ವ್ಯಾಪಾರವನ್ನು ಹತ್ತಿರದಿಂದ ಬಲ್ಲವರು. ಉಗ್ರಾಣದಲ್ಲಿ ಸರಕು ಇದ್ದಲ್ಲಿಯೇ ಇರುತ್ತದೆ; ಅದರ ರಸೀತಿ ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಷೇರುಗಳ ಒಂದು ಬುಟ್ಟಿಯನ್ನೇ ಉಗ್ರಾಣದಲ್ಲಿಟ್ಟು, ಅದರ ರಸೀತಿಯನ್ನು ಒಂದು ಷೇರಿನಂತೆ ಪೇಟೆಯಲ್ಲಿ ದಿನವಿಡೀ ಮಾರಬಾರದೇಕೆ ಎಂದು ಮೋಸ್ಟ್ ಆಲೋಚಿಸಿದರು. ಮೊದಲು ಬೋಗಲರಲ್ಲಿಗೇ ಹೋದರು. ಜನ ಗಳಿಗೆ ಗಳಿಗೆಗೂ ಕೊಂಡು ಮಾರುವುದು ತಮ್ಮ ತತ್ತ್ವಕ್ಕೆ ವಿರೋಧವೆಂದು ಬೋಗಲ್ ನಿರಾಕರಿಸಿದರು. ಬಾಸ್ಟನ್ನಿನ ಸ್ಟೇಟ್ ಸ್ಟ್ರೀಟ್ ಸಂಸ್ಥೆ ಒಪ್ಪಿತು. ಇಂಥದೇ ಪತ್ರವೊಂದು ಕೆನಡಾದ ಟೊರಾಂಟೊದಲ್ಲಿ ೧೯೯೦ರಲ್ಲಿಯೇ ಬಂದಿತ್ತು. ಅಮೆರಿಕದ್ದು ೧೯೯೩ರ ಜನವರಿ ೨೯ರಂದು ಹೊರಟಿತು. ಅದರ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಸ್ಪೈಡರ್, ಎಂದರೆ ಜೇಡ, ಎಂದು ಕರೆದರು. ಮೋಸ್ಟರಿಗೆ ಆಗ ಎಪ್ಪತ್ತೆಂಟು ವರ್ಷ! ಇಂದು ಇಟಿಎಫ್ ಎಂದು ಎಲ್ಲೆಲ್ಲಿಯೂ ಕೇಳಿಬರುವುದು ಈ ಬಗೆಯ ನಿಧಿಯೇ.

ನಮ್ಮ ದೇಶದ ಕಥೆಗೆ ಬರೋಣ. ೧೯೬೪ರಲ್ಲಿ ಹೊರಟ ಯೂನಿಟ್ ಟ್ರಸ್ಟಿನ ಯೂನಿಟ್ ೬೪ ಯೋಜನೆ ನಮ್ಮ ಮಧ್ಯಮವರ್ಗದವರು ನಂಬಿ ಹಣವಿಟ್ಟ ಮೊದಲ ನಿಧಿ. ಅದರ ಕ್ರಯವಿಕ್ರಯದ ಬೆಲೆಗೂ ಒಳಗಿದ್ದ ಷೇರುಗಳ ನಿಜಮೌಲ್ಯಕ್ಕೂ ನೇರ ಸಂಬಂಧವಿರಲಿಲ್ಲ. ೨೦೦೧ರ ಜುಲೈಯಲ್ಲಿ ಅದರ ಮಾರಾಟ ಮತ್ತು ಮರುಖರೀದಿ ನಿಂತಾಗ, ನಿಧಿಯೊಳಗೆ ಏನಿದೆ, ಅದರ ಬೆಲೆ ಎಷ್ಟು ಎಂಬುದು ಬೆಳಕಿನಲ್ಲಿರಬೇಕಾದ ಅಗತ್ಯ ದೇಶಕ್ಕೆ ಮನವರಿಕೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಚ್‌ಮಾರ್ಕ್ ಎಂಬ ಸಣ್ಣ ಸಂಸ್ಥೆ ನಿಫ್ಟಿ ಬೀಸ್ ಎಂಬ ಭಾರತದ ಮೊದಲ ಇಟಿಎಫನ್ನು ಹೊರತಂದಿತು. ಅದರೊಳಗೆ ಇರುವುದೇನೆಂದು ಯಾರನ್ನೂ ಕೇಳಬೇಕಾಗಿಲ್ಲ. ನಿಫ್ಟಿಯ ಐವತ್ತು ಕಂಪನಿಗಳೇ. ನಮ್ಮ ಬೆಂಗಳೂರಿನ ಇನ್ಫೋಸಿಸ್ಸಿನ ಒಂದು ತುಣುಕೂ ಅದರಲ್ಲಿ ಸೇರಿದೆ. ೨೦೦೯ರ ಆಗಸ್ಟಿನಿಂದ ಸೆಬಿಯು ನಿಧಿಗಳ ಪ್ರವೇಶಶುಲ್ಕವನ್ನು ರದ್ದುಮಾಡಿತು. ೨೦೧೩ರ ಜನವರಿಯಿಂದ, ದಲ್ಲಾಳಿಯ ಕಮಿಷನ್ ಸೇರದ ನೇರ ಯೋಜನೆಯನ್ನು ಪ್ರತಿಯೊಂದು ಸಂಸ್ಥೆಯೂ ಕೊಡಬೇಕಾಯಿತು. ೨೦೧೫ರ ಆಗಸ್ಟಿನಲ್ಲಿ ಕಾರ್ಮಿಕರ ಭವಿಷ್ಯನಿಧಿಯು ಹೊಸದಾಗಿ ಬರುವ ಹಣದಲ್ಲಿ ಶೇಕಡ ೫ರಷ್ಟನ್ನು ಇಟಿಎಫ್‌ಗಳಲ್ಲಿ ಹೂಡಲಾರಂಭಿಸಿತು. ೨೦೧೭ರ ವೇಳೆಗೆ ಅದು ಶೇಕಡ ೧೫ಕ್ಕೆ ಏರಿತು. ವಾರ್ತೆಯ ಆ ವಾಕ್ಯದಲ್ಲಿ ನಿಮಗೂ ಪಾಲುಂಟೆಂದದ್ದು ಈ ಕಾರಣದಿಂದ.

ಶೇಕಡ ಒಂದೆರಡು ಖರ್ಚಿಗೆ ಇಷ್ಟೊಂದು ಮಾತೇಕೆ ಎಂದು ನೀವು ಕೇಳಬಹುದು. ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇಕಡ ೭ರಂತೆ ಚಕ್ರಬಡ್ಡಿಯಲ್ಲಿ ಬೆಳೆದರೆ ಮೂವತ್ತು ವರ್ಷಕ್ಕೆ ಸುಮಾರು ೭ ಲಕ್ಷ ೬೧ ಸಾವಿರವಾಗುತ್ತದೆ. ಖರ್ಚಿಗೆಂದು ವರ್ಷಕ್ಕೆ ಶೇಕಡ ೨ ಹೋಗಿ, ೫ರಂತೆ ಬೆಳೆದರೆ ಆಗುವುದು ಸುಮಾರು ೪ ಲಕ್ಷ ೩೨ ಸಾವಿರ. ಮೂರು ಲಕ್ಷಕ್ಕೂ ಮಿಕ್ಕ ವ್ಯತ್ಯಾಸ! ಒಬ್ಬ ನೌಕರನ ಸೇವಾವಧಿ ಮೂವತ್ತು ವರ್ಷವೆಂದು ಇಟ್ಟುಕೊಂಡರೆ, ನಿವೃತ್ತಿಯ ದಿನ ಮನೆಗೆ ಬರಬೇಕಾದ ಗಂಟಿನಲ್ಲಿ ಎಷ್ಟು ಭಾಗ ದಾರಿಯಲ್ಲಿಯೇ ಸೋರಿಹೋಯಿತೆಂದು ನೋಡಿ. ಹನಿ ಹನಿ ಕೂಡಿದರೆ ಹಳ್ಳವೆಂಬುದು ಉಳಿತಾಯಕ್ಕೆ ಹೇಗೋ ಸೋರಿಕೆಗೂ ಹಾಗೆಯೇ.

ಇದನ್ನು ಪಂಥಕಟ್ಟಿ ತೋರಿಸಿದವರೂ ಉಂಟು. ಹಣಹೂಡುವುದರಲ್ಲಿ ಜಗತ್ಪ್ರಸಿದ್ಧರಾದ ವಾರೆನ್ ಬಫೆಟ್ಟರು ೨೦೦೮ರಿಂದ ಹತ್ತು ವರ್ಷಗಳ ಒಂದು ಪಂಥ ಕಟ್ಟಿದರು. ಅವರ ಪಕ್ಷ ಸಾದಾ ಸೂಚ್ಯಂಕ ನಿಧಿ. ಎದುರುಪಕ್ಷ ಆರಿಸಿ ತಂದ ನಿಪುಣರ ದುಬಾರಿ ನಿಧಿಗಳು. ೨೦೧೬ರ ಕೊನೆಗೆ ಸೂಚ್ಯಂಕ ನಿಧಿ ವರ್ಷಕ್ಕೆ ಸರಾಸರಿ ಶೇಕಡ ೭.೧ರಂತೆ ಬೆಳೆದಿತ್ತು, ಎದುರಿನ ಗುಂಪು ೨.೨ರಂತೆ. ಗೆದ್ದ ಹಣ ಧರ್ಮಕಾರ್ಯಕ್ಕೆ ಹೋಯಿತು.

ಹಾಗೆಂದು ಇದನ್ನು ಕಾಮಧೇನುವೆಂದು ಭಾವಿಸಬೇಡಿ. ಪೇಟೆ ಬಿದ್ದರೆ ಸೂಚ್ಯಂಕ ನಿಧಿಯೂ ಬೀಳುತ್ತದೆ, ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯೇ ಇಲ್ಲ. ೨೦೦೮ರ ಒಂದೇ ವರ್ಷದಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮಗಳ ಮದುವೆಗೆಂದು ಆ ವರ್ಷವೇ ಹಣ ತೆಗೆಯಬೇಕಾಗಿದ್ದವರಿಗೆ ಮೂವತ್ತು ವರ್ಷದ ಲೆಕ್ಕ ಹೇಳಿ ಪ್ರಯೋಜನವೇನು? ಬೇಗ ಬೇಕಾದ ಹಣಕ್ಕೆ ಇದು ಎಡೆಯಲ್ಲ. ಇನ್ನೊಂದು ಆತಂಕವನ್ನು ಸ್ವತಃ ಬೋಗಲರೇ ೨೦೧೮ರ ನವೆಂಬರಿನಲ್ಲಿ ಬರೆದರು. ಸೂಚ್ಯಂಕ ನಿಧಿಗಳು ಹೀಗೆಯೇ ಬೆಳೆದರೆ ಅಮೆರಿಕದ ದೊಡ್ಡ ಕಂಪನಿಗಳ ಮತಾಧಿಕಾರವೆಲ್ಲ ಎರಡು ಮೂರು ಸಂಸ್ಥೆಗಳ ಕೈಸೇರೀತು, ಅದು ದೇಶಕ್ಕೆ ಹಿತವಲ್ಲ ಎಂದರು. ತಾನು ನೆಟ್ಟ ಮರದ ನೆರಳು ಅತಿಯಾದೀತೆಂದು ಎಚ್ಚರಿಸುವ ತೋಟಗಾರರು ವಿರಳ. ೨೦೧೯ರ ಜನವರಿ ೧೬ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಪೇಟೆ ನಾಳೆ ಏರುವುದೋ ಇಳಿಯುವುದೋ ಹೇಳಬಲ್ಲವರಿಲ್ಲ. ಆದರೆ ನಾವು ಕೊಡುವ ಖರ್ಚು ಮೊದಲೇ ಕಾಗದದ ಮೇಲೆ ಬರೆದಿರುತ್ತದೆ. ಓದಿನೋಡುವ ತಾಳ್ಮೆ ಬೇಕು, ಅಷ್ಟೆ. ಪರಿಚಯದವರೊಬ್ಬರು ಬಣ್ಣದ ಕಾಗದಗಳನ್ನು ಹಿಡಿದು ನಿಮ್ಮ ಜಗುಲಿಗೆ ಬಂದು ಕುಳಿತಾಗ ಕಾಫಿ ಕೊಟ್ಟು ಉಪಚರಿಸಿ. ಎಷ್ಟು ಬರುತ್ತದೆ ಎಂದು ಕೇಳುವ ಮುನ್ನ, ವರ್ಷಕ್ಕೆ ಶೇಕಡ ಎಷ್ಟು ಹಿಡಿದುಕೊಳ್ಳುತ್ತೀರಿ ಎಂದು ಕೇಳಿ.