ರುಮಟಾಯ್ಡ್ ಆರ್ಥರೈಟಿಸ್ ಇದೆಯೇ? ಕೀಲಿನ ಜೊತೆ ಹೃದಯದ ತಪಾಸಣೆಯನ್ನೂ ಮಾಡಿಸಿ

ಬೆಳಗ್ಗೆ ಏಳುತ್ತಿದ್ದಂತೆ ಬೆರಳು ಮಡಚಲಾಗದ ಬಿಗಿತ, ಕೀಲುಗಳಲ್ಲಿ ಊತ, ನೋವು. ರುಮಟಾಯ್ಡ್ ಆರ್ಥರೈಟಿಸ್ ಎಂದರೆ ಹೆಚ್ಚಿನವರಿಗೆ ಗೊತ್ತಿರುವುದು ಇಷ್ಟೇ. ಆದರೆ ಈ ಕಾಯಿಲೆ ಇರುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾವಿನ ಅಪಾಯ ಇತರರಿಗಿಂತ ಸುಮಾರು ಶೇ 50ರಷ್ಟು ಹೆಚ್ಚು ಎಂದು 2008ರಲ್ಲಿ ಪ್ರಕಟವಾದ 24 ಅಧ್ಯಯನಗಳ ವಿಶ್ಲೇಷಣೆ ಹೇಳಿದೆ.

ಯಾಕೆ ಹೀಗೆ?

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಇದರಿಂದ ಉಂಟಾಗುವ ಉರಿಯೂತ ರಕ್ತನಾಳಗಳ ಒಳಗೋಡೆಗೂ ಹಾನಿ ಮಾಡಿ, ಅಲ್ಲಿ ಕೊಬ್ಬು ಶೇಖರವಾಗಲು ದಾರಿ ಮಾಡಿಕೊಡುತ್ತದೆ. ದೀರ್ಘಕಾಲ ಸೇವಿಸುವ ಸ್ಟೀರಾಯ್ಡ್‌ಗಳು ಬಿಪಿ, ಶುಗರ್ ಏರಿಸಬಹುದು. ಕೆಲವು ನೋವು ನಿವಾರಕಗಳೂ ಹೃದಯಕ್ಕೆ ಒಳ್ಳೆಯದಲ್ಲ. ಧೂಮಪಾನವಂತೂ ಎರಡೂ ಕಾಯಿಲೆಗಳಿಗೆ ಕಾರಣ.

ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೆ ಸಾಕೇ?

ಸಾಲದು. ಉರಿಯೂತ ಜೋರಾಗಿದ್ದಾಗ ರಕ್ತದಲ್ಲಿ ಕೊಲೆಸ್ಟ್ರಾಲ್ ಪ್ರಮಾಣ ಕಡಿಮೆಯಾಗಿ ಕಾಣಿಸುತ್ತದೆ. ಹಾಗಾಗಿ ಕಾಯಿಲೆ ಹತೋಟಿಗೆ ಬಂದ ಮೇಲೆ ಪರೀಕ್ಷೆ ಮಾಡಿಸುವುದು ಉತ್ತಮ.

ಲಕ್ಷಣ ಮರೆಮಾಚುವ ಮಂಡಿನೋವು

ಮೆಟ್ರೋ ಮತ್ತು ಲೋಕಲ್ ರೈಲು ಸೇರುವ ಮುಂಬೈನ ಘಾಟ್ಕೋಪರ್ ನಿಲ್ದಾಣವನ್ನೇ ತೆಗೆದುಕೊಳ್ಳಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ, ಏದುಸಿರು ಬಂದರೆ ಹೃದಯದ ತೊಂದರೆಯ ಸುಳಿವು ಸಿಗುತ್ತದೆ. ಮಂಡಿನೋವೆಂದು ಮೆಟ್ಟಿಲನ್ನೇ ಬಿಟ್ಟವರಿಗೆ ಆ ಸುಳಿವೂ ಸಿಗುವುದಿಲ್ಲ. ಈ ರೋಗಿಗಳಲ್ಲಿ ಎದೆನೋವಿಲ್ಲದೆ ಹೃದಯಾಘಾತ ಆಗುವ ಸಾಧ್ಯತೆಯೂ ಹೆಚ್ಚು.

ಏನು ಮಾಡಬೇಕು?

* ಕನಿಷ್ಠ 5 ವರ್ಷಕ್ಕೊಮ್ಮೆ ಹೃದಯದ ಅಪಾಯದ ಮೌಲ್ಯಮಾಪನ ಮಾಡಿಸಬೇಕು ಎನ್ನುತ್ತದೆ ಯುರೋಪಿನ ಸಂಧಿವಾತ ತಜ್ಞರ ಸಂಘಟನೆ 'ಯೂಲಾರ್'. ಲೆಕ್ಕದಲ್ಲಿ ಆರ್ಥರೈಟಿಸ್ ಸೇರಿಲ್ಲದಿದ್ದರೆ ಬಂದ ಅಂಕಿಯನ್ನು 1.5ರಿಂದ ಗುಣಿಸಬೇಕು. ಅಂದರೆ ಶೇ 8 ಎಂದು ಬಂದರೆ ಅದನ್ನು ಶೇ 12 ಎಂದು ಪರಿಗಣಿಸಬೇಕು.

* ನೋವು ಕಡಿಮೆಯಾಯಿತೆಂದು ಔಷಧ ನಿಲ್ಲಿಸಬೇಡಿ. ಉರಿಯೂತ ಹತೋಟಿಯಲ್ಲಿದ್ದರೆ ಹೃದಯಕ್ಕೂ ಲಾಭ. ಮೆಥೊಟ್ರೆಕ್ಸೇಟ್ ಪಡೆಯುವವರಲ್ಲಿ ಹೃದಯದ ತೊಂದರೆಗಳು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

* ಮೆಡಿಕಲ್ ಶಾಪ್‌ನಿಂದ ನೀವೇ ನೋವಿನ ಮಾತ್ರೆ, ಸ್ಟೀರಾಯ್ಡ್ ತಂದು ನುಂಗಬೇಡಿ.

* ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ಘಾಟ್ಕೋಪರ್ ಪೂರ್ವದ ನಿವಾಸಿಗಳಿಗೆ ಪಾಲಿಕೆಯ ರಾಜವಾಡಿ ಆಸ್ಪತ್ರೆ ಹತ್ತಿರದಲ್ಲೇ ಇದೆ. ವೈದ್ಯರಿಗೆ ಆರ್ಥರೈಟಿಸ್ ಇರುವುದನ್ನು ತಪ್ಪದೇ ತಿಳಿಸಿ.

* ಎದೆಯಲ್ಲಿ ಒತ್ತಡ, ದವಡೆ ಅಥವಾ ಎಡತೋಳಿನಲ್ಲಿ ನೋವು, ತಣ್ಣನೆ ಬೆವರು, ದಿಢೀರ್ ಉಸಿರಾಟದ ತೊಂದರೆ ಕಾಣಿಸಿದರೆ ಅದು ಕೀಲುನೋವೆಂದು ಸುಮ್ಮನಿರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.